ರಿಪೇರಿ, ಬದಲಾವಣೆ, ಮುಂದೂಡಿಕೆ: ಕಟ್ಟಡ ನಿರ್ವಹಣೆಯ ಪಟ್ಟಿಯಲ್ಲಿ ಯಾವುದು ಮೊದಲು?

ಕರಣಿ:
ಆರು ಕಟ್ಟಡ, ಸುಮಾರು 400 ಸಲಕರಣೆಗಳಿರುವ ನಿರ್ವಹಣಾ ಪಟ್ಟಿ. ಆಗಬೇಕಾದ ಕೆಲಸಗಳ ಒಟ್ಟು ವೆಚ್ಚ 100 ಎಂದಿಟ್ಟುಕೊಂಡರೆ ಮುಂದಿನ ಮೂರು ವರ್ಷಕ್ಕೆ ಸಿಗುವುದು 35. ಈಗಿನ ಪದ್ಧತಿ ಸರಳ: ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಸ್ಥಿತಿಯ ಅಂಕ, 5 ಬಂದದ್ದು ಮೊದಲು. ಹೀಗೆ ಮಾಡಿದ್ದಕ್ಕೆ ಕಾರಿಡಾರಿನಲ್ಲಿ ಕಿತ್ತುಹೋದ ಟೈಲ್ಸ್ 5 ಅಂಕ ಪಡೆದು ಪಟ್ಟಿಯ ತಲೆಯ ಮೇಲೆ ಕೂತಿದೆ. ಫೈರ್ ಪಂಪಿನ ಡೀಸೆಲ್ ಎಂಜಿನ್ ಬ್ಯಾಟರಿ 3 ಅಂಕದಲ್ಲಿ ನಡುವೆಲ್ಲೋ ಕಳೆದುಹೋಗಿದೆ. ಆಡಳಿತದವರು ಎಫ್‌ಸಿಐ (ಕಟ್ಟಡದ ಸ್ಥಿತಿಯ ಸೂಚ್ಯಂಕ) ಕೇಳುತ್ತಾರೆ, ಸಲಹೆಗಾರರು ಎಎಚ್‌ಪಿ (ಜೋಡಿ ಜೋಡಿಯಾಗಿ ಹೋಲಿಸಿ ತೂಕ ಕೊಡುವ ವಿಧಾನ) ಅನ್ನುತ್ತಾರೆ, ಮೆಕ್ಯಾನಿಕಲ್ ಕಡೆಯವರು ಎಫ್‌ಎಂಇಎ (ಕೆಡುವ ಬಗೆ ಮತ್ತು ಪರಿಣಾಮಗಳ ವಿಶ್ಲೇಷಣೆ) ಅನ್ನುತ್ತಾರೆ. ಯಾವುದನ್ನು ಎಲ್ಲಿ ಬಳಸಬೇಕು?

ಕೀಲೆಣ್ಣೆ:
ನಿಮ್ಮ ಅಂಕದಲ್ಲೇ ತೊಂದರೆ ಇದೆ. ವಸ್ತು ಎಷ್ಟು ಹಾಳಾಗಿದೆ ಎಂಬುದೊಂದನ್ನೇ ಅದು ಹೇಳುತ್ತದೆ. ನಿಂತುಹೋದರೆ ಏನಾಗುತ್ತದೆ, ಒಂದು ವರ್ಷ ತಡವಾದರೆ ವೆಚ್ಚ ಬೆಳೆಯುತ್ತದೆಯೇ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಈ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಮೂರನ್ನೂ ಕೂಡಿ ಒಂದೇ ಅಂಕ ಮಾಡಬೇಡಿ. ಕೂಡಿದ ತಕ್ಷಣ ಟೈಲ್ಸ್ ಮತ್ತೆ ಮೇಲೆ ಬರುತ್ತದೆ.

ಯಾವ ವಿಧಾನಕ್ಕೂ ಕೈಹಾಕುವ ಮೊದಲು ಪಟ್ಟಿಯನ್ನು ಮೂರು ರಾಶಿ ಮಾಡಿ. ಕಾನೂನು ಕೇಳುವುದು ಮತ್ತು ಜೀವಸುರಕ್ಷತೆಗೆ ಸೇರಿದ್ದು ಒಂದು ರಾಶಿ. ಫೈರ್ ಅಲಾರಂ, ಫೈರ್ ಪಂಪ್, ಲಿಫ್ಟಿನ ಸುರಕ್ಷತಾ ಭಾಗಗಳು, ಅರ್ಥಿಂಗ್, ಒತ್ತಡದ ಪಾತ್ರೆಗಳ ಸೇಫ್ಟಿ ವಾಲ್ವ್, ತುರ್ತು ದೀಪ ಎಲ್ಲ ಇಲ್ಲಿಗೆ. ಇವಕ್ಕೆ ಅಂಕ ಕೊಡಬೇಡಿ. ಹಣ ಮೊದಲು ಇಲ್ಲಿಗೆ ಹೋಗುತ್ತದೆ, ಅಷ್ಟೆ. ಎರಡನೆಯದು ಕೆಟ್ಟ ಮೇಲೆ ನೋಡಿಕೊಂಡರೂ ನಡೆಯುವಂಥದ್ದು: ನಲ್ಲಿ, ಬಾಗಿಲ ಕ್ಲೋಸರ್, ಶೌಚಾಲಯದ ಸಣ್ಣ ಎಕ್ಸಾಸ್ಟ್ ಫ್ಯಾನ್, ಬಿಡಿ ದೀಪ. ಇವಕ್ಕೆ ತಪಾಸಣೆಯ ಖರ್ಚೇ ವಸ್ತುವಿನ ಬೆಲೆಗಿಂತ ಹೆಚ್ಚಾಗಬಹುದು, ಆದ್ದರಿಂದ ಬಿಡಿಭಾಗ ಕೈಯಳತೆಯಲ್ಲಿ ಇಟ್ಟುಕೊಂಡರೆ ಸಾಕು. ಉಳಿದದ್ದು ಮೂರನೆಯ ರಾಶಿ. ನೀವು ಹೇಳಿದ ವಿಧಾನಗಳೆಲ್ಲ ಬೇಕಾಗುವುದು ಇದಕ್ಕೆ ಮಾತ್ರ. 400 ಇದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ಬಹಳ ಇಳಿದಿರುತ್ತದೆ.

ಮೂರನೆಯ ಕಾಲಂ, ಅಂದರೆ ತಡವಾದರೆ ವೆಚ್ಚ ಬೆಳೆಯುತ್ತದೆಯೇ ಎಂಬುದನ್ನು ಬಹುಪಾಲು ಜನ ಬಿಟ್ಟೇಬಿಡುತ್ತಾರೆ. ಒಳಗೋಡೆಯ ಬಣ್ಣವನ್ನು ಎರಡು ವರ್ಷ ಮುಂದಕ್ಕೆ ಹಾಕಿದರೆ ಎರಡು ವರ್ಷದ ನಂತರವೂ ಅದೇ ಕೆಲಸ. ತಾರಸಿಯ ವಾಟರ್‌ಪ್ರೂಫಿಂಗ್ ಮುಂದಕ್ಕೆ ಹಾಕಿದರೆ ಸ್ಲ್ಯಾಬಿನ ಸರಳು, ಫಾಲ್ಸ್ ಸೀಲಿಂಗ್, ಕೆಳಗಿನ ಕೇಬಲ್ ಟ್ರೇ ಎಲ್ಲಕ್ಕೂ ನೀರು ಇಳಿಯುತ್ತದೆ. ಎರಡಕ್ಕೂ ಸ್ಥಿತಿಯ ಅಂಕ 4 ಇದ್ದರೂ ಸಾಲಿನಲ್ಲಿ ತಾರಸಿಯೇ ಮುಂದೆ.

ಲೆಕ್ಕಿಗ:
ಎಫ್‌ಸಿಐ ಬಗ್ಗೆ. ಬಾಕಿ ಉಳಿದ ರಿಪೇರಿಗಳ ಒಟ್ಟು ವೆಚ್ಚವನ್ನು, ಆ ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ತಗಲುವ ವೆಚ್ಚದಿಂದ ಭಾಗಿಸುವುದು. ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳ ಕಟ್ಟಡ ನಿರ್ವಹಣೆಯಲ್ಲಿ 1991ರ ಹೊತ್ತಿಗೆ ಚಾಲ್ತಿಗೆ ಬಂದ ಸೂಚ್ಯಂಕ. 5%ಗಿಂತ ಕಡಿಮೆ ಇದ್ದರೆ ಉತ್ತಮ, 5ರಿಂದ 10% ಸಾಧಾರಣ, 10% ದಾಟಿದರೆ ಕಳಪೆ ಎಂದು ಓದುವ ರೂಢಿ.

ಆರು ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟು ನೋಡಲು, ವರ್ಷದಿಂದ ವರ್ಷಕ್ಕೆ ಇಳಿಜಾರು ತೋರಿಸಲು ಇದು ಚೆನ್ನಾಗಿದೆ. ಯಾವ ಕೆಲಸ ಮೊದಲು ಎಂದು ಇದನ್ನು ಕೇಳಬೇಡಿ. ಎರಡು ಕಟ್ಟಡಕ್ಕೂ 8% ಬಂದಿರುತ್ತದೆ. ಒಂದರಲ್ಲಿ ಆ 8% ಎಲ್ಲವೂ ಬಣ್ಣ ಮತ್ತು ನೆಲಹಾಸು, ಇನ್ನೊಂದರಲ್ಲಿ ಮೇನ್ ಎಲೆಕ್ಟ್ರಿಕಲ್ ಪ್ಯಾನಲ್ ಮತ್ತು ಫೈರ್ ಅಲಾರಂ. ಸೂಚ್ಯಂಕಕ್ಕೆ ಎರಡೂ ಒಂದೇ.

ಇನ್ನೊಂದು ಗುಟ್ಟು. ಹೊಸ ಕಟ್ಟಡದ ವೆಚ್ಚವನ್ನು ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ತಿದ್ದುತ್ತಾರೆ, ಬಾಕಿ ರಿಪೇರಿಯ ಅಂದಾಜನ್ನು ಮಾತ್ರ ಸಮೀಕ್ಷೆ ನಡೆದ ವರ್ಷದ ದರದಲ್ಲೇ ಬಿಡುತ್ತಾರೆ. ಛೇದ ಬೆಳೆಯುತ್ತದೆ, ಅಂಶ ಅಲ್ಲೇ ನಿಲ್ಲುತ್ತದೆ. ಒಂದು ಮೊಳೆಯನ್ನೂ ಹೊಡೆಯದೆ ಕಟ್ಟಡ ಸುಧಾರಿಸಿದಂತೆ ವರದಿಯಲ್ಲಿ ಕಾಣುತ್ತದೆ. ಎರಡನ್ನೂ ಒಂದೇ ವರ್ಷದ ದರಕ್ಕೆ ತನ್ನಿ.

ಆಡಳಿತದವರ ಮುಂದೆ ಇಡಲು ಇನ್ನೊಂದು ಅಳತೆ ಇದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರ ವರದಿಯಲ್ಲಿ, ವಾಡಿಕೆಯ ನಿರ್ವಹಣೆ ಮತ್ತು ರಿಪೇರಿಗೆ ಕಟ್ಟಡಗಳ ಮರುನಿರ್ಮಾಣ ವೆಚ್ಚದ 2ರಿಂದ 4%ರಷ್ಟನ್ನು ಪ್ರತಿ ವರ್ಷ ಇಡಬೇಕು ಎಂದಿತ್ತು. ಕಟ್ಟಡಗಳ ದೊಡ್ಡ ಗುಂಪಿಗೆ ಹೇಳಿದ ಸರಾಸರಿ ಅದು, ಒಂಟಿ ಕಟ್ಟಡಕ್ಕೆ ಹೊಂದುವುದಿಲ್ಲ. ಈಗಾಗಲೇ ಬಾಕಿ ಬಿದ್ದಿರುವುದನ್ನು ತೀರಿಸುವ ಹಣವೂ ಅದರಲ್ಲಿ ಸೇರಿಲ್ಲ.

ತಳಪಾಯ:
ಸ್ಥಿತಿಯ ಅಂಕವನ್ನೇ ಪೂರ್ತಿ ತೆಗೆದುಹಾಕಬೇಡಿ, ಅದನ್ನು ಕೊಡುವ ಬಗೆ ಬದಲಾಯಿಸಿ. ‘ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟಿದೆ’ ಎಂದು ಕಣ್ಣಂದಾಜಿನಲ್ಲಿ ಬರೆದರೆ ಇಬ್ಬರು ಎಂಜಿನಿಯರುಗಳು ಒಂದೇ ಬೀಮಿಗೆ ಎರಡು ಅಂಕ ಕೊಡುತ್ತಾರೆ. ನೆದರ್ಲೆಂಡ್ಸಿನ ಎನ್‌ಇಎನ್ 2767 ಮಾನದಂಡದ ಕ್ರಮ ಅನುಕೂಲ. ದೋಷ ಎಷ್ಟು ಗಂಭೀರ, ಎಷ್ಟು ಭಾಗಕ್ಕೆ ಹರಡಿದೆ, ಎಷ್ಟು ಬಲಿತಿದೆ ಎಂದು ಮೂರನ್ನೂ ಬೇರೆಯಾಗಿ ಬರೆಯಬೇಕು. ಹರಡಿಕೆಗೆ 2%ಗಿಂತ ಕಡಿಮೆ, 2–10, 10–30, 30–70, 70ಕ್ಕಿಂತ ಹೆಚ್ಚು ಎಂಬ ಐದು ಮೆಟ್ಟಿಲು. ಅದರಿಂದ 1ರಿಂದ 6ರ ಅಂಕ ಕೋಷ್ಟಕದಲ್ಲಿ ತಾನೇ ಸಿಗುತ್ತದೆ, 1 ಎಂದರೆ ಹೊಸದರಂತೆ. ಸಮೀಕ್ಷೆ ಶುರುವಾಗುವ ಮೊದಲು ಇಪ್ಪತ್ತು ವಸ್ತುಗಳನ್ನು ಎಲ್ಲ ತಪಾಸಣೆಗಾರರೂ ಪ್ರತ್ಯೇಕವಾಗಿ ನೋಡಿ ಅಂಕ ಹಾಕಲಿ, ಆಮೇಲೆ ಜೊತೆಗೆ ಕೂತು ಹೋಲಿಸಲಿ. ಒಂದಕ್ಕಿಂತ ಹೆಚ್ಚು ಅಂಕದ ಅಂತರ ಎಲ್ಲಿ ಬಂತೋ ಅಲ್ಲಿ ದೋಷದ ವಿವರಣೆಯೇ ಸ್ಪಷ್ಟವಾಗಿಲ್ಲ ಎಂದರ್ಥ.

ಕಾಂಕ್ರೀಟಿಗೆ ಕಣ್ಣು ಸಾಲದು. ಸರಳಿನ ಸುತ್ತಲ ಕ್ಷಾರ ಕಳೆದುಹೋಗಿದೆಯೇ ಎಂಬುದು ಬಿರುಕು ಕಾಣುವ ಎಷ್ಟೋ ಮೊದಲೇ ಗೊತ್ತಾಗುತ್ತದೆ. ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿ. ಕ್ಷಾರ ಉಳಿದಿರುವ ಕಡೆ ಗಾಢ ಗುಲಾಬಿ ಬಣ್ಣ, ಕಾರ್ಬೊನೇಶನ್ ಆದ, ಅಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಕ್ಷಾರ ಕಳೆದುಹೋದ ಕಡೆ ಬಣ್ಣವೇ ಇಲ್ಲ. ಬಣ್ಣವಿಲ್ಲದ ಪಟ್ಟಿಯ ಆಳವನ್ನು ಆಗಲೇ ಅಳೆಯಿರಿ. ಡ್ರಿಲ್ ಮಾಡಿದ ಪುಡಿ ಮುಖದ ಮೇಲೆ ಉಳಿದಿದ್ದರೆ ಒಳಗಿನ ಕ್ಷಾರದ ಪುಡಿ ಹೊರಪದರದ ಮೇಲೂ ಗುಲಾಬಿ ತೋರಿಸಿ ದಾರಿ ತಪ್ಪಿಸುತ್ತದೆ, ಊದಿ ಒರೆಸಿ.

ಆಳವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. 25 ವರ್ಷದ ಕಟ್ಟಡದಲ್ಲಿ 20 ಮಿಲಿಮೀಟರ್ ಬಂದಿದ್ದರೆ ಗುಣಾಂಕ 20 ÷ 5 = 4. ಕವರ್ (ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ) 25 ಮಿಮೀ ಇದ್ದರೆ ಸರಳನ್ನು ತಲುಪುವುದು (25 ÷ 4)ರ ವರ್ಗ, ಅಂದರೆ ಕಟ್ಟಿದ 39 ವರ್ಷದ ಸುಮಾರಿಗೆ. ಇನ್ನು 14 ವರ್ಷ ಇದೆ. ಆದರೆ 25 ಎಂಬುದು ಡ್ರಾಯಿಂಗಿನ ಕವರ್! ಕವರ್ ಮೀಟರಿನಲ್ಲಿ ಹುಡುಕಿದರೆ ಕೆಲವು ಕಡೆ 15 ಮಿಮೀ ಸಿಗುತ್ತದೆ. ಅಲ್ಲಿಗೆ (15 ÷ 4)ರ ವರ್ಗ, 14ನೇ ವರ್ಷಕ್ಕೇ ತಲುಪಿ ಆಗಿದೆ. ಹಾಗಾಗಿ ಸರಾಸರಿ ಕವರ್ ಹಾಕಿ ಲೆಕ್ಕ ಮಾಡಬೇಡಿ. ಎಷ್ಟು ಶೇಕಡಾ ಜಾಗದಲ್ಲಿ ಕಾರ್ಬೊನೇಶನ್ ಸರಳನ್ನು ಮುಟ್ಟಿದೆ ಎಂದು ಬರೆಯಿರಿ.

ಮುಟ್ಟಿದ ಮಾತ್ರಕ್ಕೆ ತುಕ್ಕು ಓಡುವುದಿಲ್ಲ, ತೇವವೂ ಬೇಕು. ಒಣಗಿರುವ ಒಳಾಂಗಣದ ಕಂಬಕ್ಕೂ ಮಳೆ ಬಡಿಯುವ ಬಾಲ್ಕನಿಯ ಅಂಚಿಗೂ ಒಂದೇ ಆಳ ಬಂದರೆ ಬಾಲ್ಕನಿಗೆ ಮೊದಲು ಹೋಗಿ. ಅಲ್ಲಿ ಹಾಫ್ ಸೆಲ್ ಪರೀಕ್ಷೆ (ಸರಳಿನ ವೋಲ್ಟೇಜ್ ಅಳೆದು ತುಕ್ಕಿನ ಸುಳಿವು ನೋಡುವುದು) ಮಾಡಿಸಬಹುದು. ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ಗೆ −350 ಮಿಲಿವೋಲ್ಟ್‌ಗಿಂತ ಇನ್ನೂ ಋಣಾತ್ಮಕವಾಗಿದ್ದರೆ ತುಕ್ಕು ನಡೆಯುತ್ತಿರುವ ಸಂಭವ 90%ಗಿಂತ ಹೆಚ್ಚು, −200ಕ್ಕಿಂತ ಮೇಲಿದ್ದರೆ ತುಕ್ಕಿಲ್ಲದಿರುವ ಸಂಭವ 90%ಗಿಂತ ಹೆಚ್ಚು ಎಂದು ಅಮೆರಿಕದ ಮಾನದಂಡ ಎಎಸ್‌ಟಿಎಂ ಸಿ876 ಓದುತ್ತದೆ. ನಡುವಿನದ್ದಕ್ಕೆ ಒಡೆದು ನೋಡುವುದೇ ದಾರಿ. ಮೇಲೆ ಎಪಾಕ್ಸಿ ಬಣ್ಣ ಇದ್ದರೆ ಆ ಓದು ನಂಬಬೇಡಿ. ಉಪ್ಪಿನ, ಅಂದರೆ ಕ್ಲೋರೈಡಿನ ಹಾವಳಿ ಇರುವ ಕಡೆ ಮೇಲಿನ ವರ್ಗಮೂಲದ ಲೆಕ್ಕವನ್ನೂ ಬಿಡಿ.

ವಾಲ್ವ್‌ಕೀ:
ಎಎಚ್‌ಪಿ ಬೇಕೇ ಬೇಡವೇ, ಅದನ್ನು ಯಾರೂ ಹೇಳಲಿಲ್ಲ.

ಮಾಪಕ:
ಬೇಕು, ತೂಕ ನಿರ್ಧರಿಸಲು ಮಾತ್ರ. 400 ಸಲಕರಣೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಲು ಹೋದರೆ 79,800 ಜೋಡಿ ಆಗುತ್ತದೆ, ಅದು ಆಗದ ಮಾತು. ಮಾನದಂಡಗಳನ್ನು ಐದರೊಳಗೆ ಇಟ್ಟುಕೊಂಡು ಅವನ್ನು ಹೋಲಿಸಿ.

ಮೂರೇ ಇದ್ದರೆ ಹೀಗೆ: ಬಳಕೆದಾರರ ಸುರಕ್ಷತೆ, ಸೇವೆ ನಿಲ್ಲುವುದು, ವೆಚ್ಚ. ಸುರಕ್ಷತೆಯು ಸೇವೆಗಿಂತ 3 ಪಟ್ಟು ಮುಖ್ಯ, ವೆಚ್ಚಕ್ಕಿಂತ 5 ಪಟ್ಟು, ಸೇವೆಯು ವೆಚ್ಚಕ್ಕಿಂತ 3 ಪಟ್ಟು ಎಂದರೆ ತೂಕಗಳು ಸುಮಾರು 0.64, 0.26, 0.10. ಉತ್ತರಗಳಲ್ಲಿ ಎಷ್ಟು ಹೊಂದಾಣಿಕೆ ತಪ್ಪಿದೆ ಎಂಬುದರ ಅನುಪಾತ 0.03, ಮಿತಿ 0.10, ಸರಿಯಾಗಿದೆ. ಅದೇ ವ್ಯಕ್ತಿ ಸುರಕ್ಷತೆ ಮತ್ತು ವೆಚ್ಚ ಸಮ ಎಂದು ಬರೆದು ಉಳಿದೆರಡನ್ನು ಹಾಗೇ ಬಿಟ್ಟರೆ ಅನುಪಾತ 0.48ಕ್ಕೆ ಏರುತ್ತದೆ. ಆಗ ಸಾಫ್ಟ್‌ವೇರ್ ತೂಕ ಕೊಡುತ್ತದೆ ಅಂತ ತೆಗೆದುಕೊಳ್ಳಬೇಡಿ, ಉತ್ತರ ಕೊಟ್ಟವರ ಬಳಿ ವಾಪಸ್ ಹೋಗಿ. ಬಹಳ ಸಲ ಅವರು ‘ವೆಚ್ಚ’ ಎಂಬ ಮಾತನ್ನು ಒಂದು ಕಡೆ ಖರೀದಿ ಬೆಲೆ ಎಂದೂ ಇನ್ನೊಂದು ಕಡೆ ನಷ್ಟ ಎಂದೂ ತಿಳಿದಿರುತ್ತಾರೆ.

ತೂಕ ಸಿಕ್ಕ ಮೇಲೆ ಒಂದು ಪರೀಕ್ಷೆ ಕಡ್ಡಾಯ. ಪ್ರತಿ ತೂಕವನ್ನು 20% ಮೇಲೆ ಕೆಳಗೆ ಮಾಡಿ, ಉಳಿದವನ್ನು ಮೊತ್ತ 1 ಬರುವಂತೆ ಹೊಂದಿಸಿ, ಪಟ್ಟಿಯ ಮೊದಲ ಹತ್ತು ಬದಲಾಗುತ್ತದೆಯೇ ನೋಡಿ. ಬದಲಾಗದಿದ್ದರೆ ತೂಕದ ಬಗ್ಗೆ ಸಭೆಯಲ್ಲಿ ಜಗಳವಾಡುವುದು ವ್ಯರ್ಥ. ಒಂದೆರಡು ಕೆಲಸ ಮಾತ್ರ ಒಳಗೆ ಹೊರಗೆ ಆಗುತ್ತಿದ್ದರೆ ಸಭೆಯಲ್ಲಿ ಅವನ್ನಷ್ಟೇ ಮಾತಾಡಿ.

ಕೀಲೆಣ್ಣೆ:
ಮಾಪಕರ ಮಾತಿಗೆ ಒಂದು ತಕರಾರು. ಅದರಲ್ಲಿ ‘ಸುರಕ್ಷತೆ’ ಒಂದು ಮಾನದಂಡವಾಗಿ ಕೂತಿದೆ. ತೂಕ ಹಾಕಿ ಕೂಡಿದರೆ ಸುರಕ್ಷತೆಯಲ್ಲಿ ಕಳೆದುಕೊಂಡದ್ದನ್ನು ವೆಚ್ಚದಲ್ಲಿ ಗಳಿಸಬಹುದು ಎಂದಾಗುತ್ತದೆ. ಅದಕ್ಕೇ ಮೊದಲ ರಾಶಿಯನ್ನು ಹೊರಗಿಡಿ ಎಂದದ್ದು.

ಮಾಪಕ:
ಒಪ್ಪಿದೆ. ಇಲ್ಲಿ ಹೇಳಿದ ಸುರಕ್ಷತೆ ಅಂದರೆ ಜಾರುವ ನೆಲ, ಕಡಿಮೆ ಬೆಳಕಿನ ಪಾರ್ಕಿಂಗ್ ಥರದ್ದು. ಹಾಗೆಂದು ಸ್ಪಷ್ಟವಾಗಿ ಬರೆಯದಿದ್ದರೆ ಗೊಂದಲ ಆಗುತ್ತದೆ, ನಿಜ.

ಕೀಲೆಣ್ಣೆ:
ಎಫ್‌ಎಂಇಎ ಕೂಡ ಹಾಗೆಯೇ. ತೀವ್ರತೆ × ಸಂಭವ × ಪತ್ತೆಯ ಕಷ್ಟ, ಪ್ರತಿಯೊಂದಕ್ಕೂ 1ರಿಂದ 10. ಒಂದು ಕೆಡುವ ಬಗೆ 10 × 2 × 5, ಇನ್ನೊಂದು 2 × 10 × 5. ಎರಡಕ್ಕೂ 100. ಮೊದಲನೆಯದು ಫೈರ್ ಪಂಪ್ ಸ್ಟಾರ್ಟ್ ಆಗದಿರುವುದು, ಎರಡನೆಯದು ನಲ್ಲಿ ತೊಟ್ಟಿಕ್ಕುವುದು ಆಗಿರಬಹುದು. 1ರಿಂದ 10ರ ಅಂಕಗಳು ಬರೀ ಕ್ರಮಸೂಚಕ, 8 ಎಂದರೆ 4ರ ಎರಡರಷ್ಟು ಅಲ್ಲ, ಗುಣಿಸುವುದಕ್ಕೆ ಅರ್ಥವೇ ಇಲ್ಲ. ವಾಹನ ಉದ್ಯಮದವರು 2019ರ ಕೈಪಿಡಿಯಲ್ಲಿ ಈ ಗುಣಾಕಾರವನ್ನು ಬಿಟ್ಟು, ತೀವ್ರತೆಗೆ ಮೊದಲ ಸ್ಥಾನ ಕೊಡುವ ಕೋಷ್ಟಕಕ್ಕೆ ಹೋದರು. ಎಫ್‌ಎಂಇಎಯ ನಿಜವಾದ ಲಾಭ ಬೇರೆ ಕಡೆ ಇದೆ: ಒಂದು ಸಲಕರಣೆ ಯಾವ ಯಾವ ಬಗೆಯಲ್ಲಿ ಕೆಡುತ್ತದೆ ಎಂಬ ಪಟ್ಟಿ. ಆ ಪಟ್ಟಿ ಇಟ್ಟುಕೊಳ್ಳಿ, ಗುಣಲಬ್ಧ ಬಿಡಿ.

ಲೆಕ್ಕಿಗ:
ರಿಪೇರಿ ಮಾಡಬೇಕೋ ಬದಲಾಯಿಸಬೇಕೋ ಎನ್ನುವುದಕ್ಕೆ ವಾರ್ಷಿಕ ಸಮಾನ ವೆಚ್ಚದ (ಬಂಡವಾಳವನ್ನು ಬಡ್ಡಿಸಹಿತ ಬಾಳಿಕೆಯ ವರ್ಷಗಳಿಗೆ ಸಮನಾಗಿ ಹಂಚುವ) ಲೆಕ್ಕಕ್ಕಿಂತ ಒಳ್ಳೆಯದು ಕಾಣೆ. ಆಯಸ್ಸು ಬೇರೆ ಬೇರೆ ಇದ್ದಾಗ ಒಟ್ಟು ವೆಚ್ಚಗಳನ್ನು ನೇರವಾಗಿ ಹೋಲಿಸುವುದು ತಪ್ಪು.

ಒಂದು ಚಿಲ್ಲರ್ (ಹವಾನಿಯಂತ್ರಣಕ್ಕೆ ನೀರು ತಣ್ಣಗಾಗಿಸುವ ಯಂತ್ರ) ತೆಗೆದುಕೊಳ್ಳಿ. ಹೊಸದಕ್ಕೆ 100, ಬಾಳಿಕೆ 20 ವರ್ಷ, ವರ್ಷಕ್ಕೆ ವಿದ್ಯುತ್ ಮತ್ತು ನಿರ್ವಹಣೆ 12. ಹಳೆಯದನ್ನು ಓವರ್‌ಹಾಲ್ ಮಾಡಿದರೆ 30, ಇನ್ನು 5 ವರ್ಷ ನಡೆಯುತ್ತದೆ, ವಾರ್ಷಿಕ ಖರ್ಚು 16. ಬಡ್ಡಿ ದರ 8%. ಹೊಸದರ ಬಂಡವಾಳ ವರ್ಷಕ್ಕೆ 100 × 0.1019 (8%ಗೆ 20 ವರ್ಷದ ಕಂತಿನ ಗುಣಕ) = 10.2, ಒಟ್ಟು 22.2. ಓವರ್‌ಹಾಲ್ 30 × 0.2505 = 7.5, ಒಟ್ಟು 23.5. ಹೊಸದು ಗೆದ್ದಿತು.

ಈಗ ಇಲ್ಲಿ ನೋಡಿ. ಓವರ್‌ಹಾಲ್ ನಂತರ 5ರ ಬದಲು 7 ವರ್ಷ ನಡೆದರೆ 30 × 0.1921 = 5.8, ಒಟ್ಟು 21.8. ಓವರ್‌ಹಾಲ್ ಗೆದ್ದಿತು. 5 ವರ್ಷವನ್ನೇ ಇಟ್ಟು ಬಡ್ಡಿಯನ್ನು 12% ಮಾಡಿದರೆ ಹೊಸದಕ್ಕೆ 25.4, ಓವರ್‌ಹಾಲಿಗೆ 24.3, ಮತ್ತೆ ತಿರುಗಿತು. ಈ ತೀರ್ಮಾನ ನಿಂತಿರುವುದು ಎರಡು ಸಂಖ್ಯೆಗಳ ಮೇಲೆ. ಒಂದನ್ನು ಹಣಕಾಸು ವಿಭಾಗ ಕೊಡುತ್ತದೆ, ಇನ್ನೊಂದನ್ನು ಕಂಪ್ರೆಸರ್ ಬಿಚ್ಚಿ ನೋಡಿದವರು ಕೊಡಬೇಕು. ಆದ್ದರಿಂದ ವರದಿಯಲ್ಲಿ ‘ಬದಲಾಯಿಸುವುದು ಲಾಭ’ ಎಂದು ಬರೆಯದೆ ‘ಓವರ್‌ಹಾಲ್ ನಂತರ 6 ವರ್ಷಕ್ಕಿಂತ ಹೆಚ್ಚು ನಡೆಯುವ ಭರವಸೆ ಇಲ್ಲದಿದ್ದರೆ ಬದಲಾಯಿಸುವುದು ಲಾಭ’ ಎಂದು ಬರೆಯಿರಿ. 6 ವರ್ಷಕ್ಕೆ 22.5, ಇನ್ನೂ ಹೊಸದೇ ಅಗ್ಗ, ಹಾಗಾಗಿ ಗಡಿ 6 ಮತ್ತು 7ರ ನಡುವೆ ಇದೆ.

ಹಳೆಯ ಚಿಲ್ಲರಿಗೆ ಈವರೆಗೆ ಸುರಿದ ಹಣವನ್ನು ಲೆಕ್ಕಕ್ಕೆ ತರಬೇಡಿ, ಅದು ಹೋದದ್ದು. ಬದಲಾಯಿಸುವಾಗ ಸೇವೆ ನಿಲ್ಲುವ ದಿನಗಳ ವೆಚ್ಚ, ತಾತ್ಕಾಲಿಕ ಚಿಲ್ಲರಿನ ಬಾಡಿಗೆ, ಕ್ರೇನ್, ಗೋಡೆ ಒಡೆದು ಕಟ್ಟುವುದು ಇವನ್ನು ಮಾತ್ರ ಮರೆಯಬೇಡಿ. ಅಂದಾಜಿನ 100 ಎಷ್ಟೋ ಸಲ ಯಂತ್ರದ ಬೆಲೆ ಮಾತ್ರ ಆಗಿರುತ್ತದೆ.

ಗಡಿಯಾರ:
ಇಂತಿಷ್ಟು ತಿಂಗಳಿಗೊಮ್ಮೆ ಭಾಗ ಬದಲಾಯಿಸಬೇಕು ಎಂಬ ವೇಳಾಪಟ್ಟಿ ಎಲ್ಲ ಕಡೆ ಇದೆಯಲ್ಲ, ಅದಕ್ಕೆ ಆಧಾರ ಏನು?

ಕೀಲೆಣ್ಣೆ:
ಹೆಚ್ಚಿನ ಕಡೆ ತಯಾರಕರ ಕೈಪಿಡಿ ಬಿಟ್ಟರೆ ಬೇರೆ ಆಧಾರವಿಲ್ಲ. 1978ರಲ್ಲಿ ನೌಲನ್ ಮತ್ತು ಹೀಪ್ ವಿಮಾನಗಳ ಬಿಡಿಭಾಗಗಳ ಬಗ್ಗೆ ಬರೆದ ವರದಿಯಲ್ಲಿ, ವಯಸ್ಸಾದಂತೆ ಸವೆದು ಕೆಡುವ ಗುಣ ಸ್ಪಷ್ಟವಾಗಿ ಕಂಡದ್ದು 11% ಭಾಗಗಳಲ್ಲಿ ಮಾತ್ರ. 68% ಭಾಗಗಳು ಹೊಸದಾಗಿ ಹಾಕಿದ ಆರಂಭದಲ್ಲೇ ಹೆಚ್ಚು ಕೆಟ್ಟು ಆಮೇಲೆ ಸ್ಥಿರವಾಗುತ್ತಿದ್ದವು. ಆ ಶೇಕಡಾವಾರು ಕಟ್ಟಡಕ್ಕೆ ಹಾಗೇ ಹೊಂದುವುದಿಲ್ಲ, ಕಟ್ಟಡದಲ್ಲಿ ಬೆಲ್ಟು, ಸೀಲು, ಬ್ಯಾಟರಿಯಂಥ ಸವೆಯುವ ವಸ್ತು ಹೆಚ್ಚು. ಆದರೂ ಚೆನ್ನಾಗಿ ನಡೆಯುತ್ತಿರುವ ಕಂಟ್ರೋಲ್ ಕಾರ್ಡನ್ನು ಅವಧಿ ಮುಗಿಯಿತೆಂದು ಕಿತ್ತು ಹೊಸದು ಹಾಕಿದರೆ ಹೊಸ ತೊಂದರೆಯನ್ನು ತಂದುಕೊಂಡಂತೆಯೇ.

ನಿಮ್ಮದೇ ದಾಖಲೆ ಇದ್ದರೆ ವೈಬುಲ್ ಲೆಕ್ಕ ಮಾಡಿ, ಅದು ಕೆಟ್ಟ ವಯಸ್ಸುಗಳಿಂದ ಕೆಡುವ ರೀತಿಯನ್ನು ಬೀಟಾ ಎಂಬ ಒಂದು ಸಂಖ್ಯೆಯಲ್ಲಿ ಹೇಳುತ್ತದೆ. ಬೀಟಾ 1ಕ್ಕಿಂತ ಕಡಿಮೆ ಬಂದರೆ ಜೋಡಣೆ ಅಥವಾ ಭಾಗದ ಗುಣಮಟ್ಟದ ದೋಷ, 1ರ ಹತ್ತಿರ ಬಂದರೆ ಕೆಡುವುದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಈ ಎರಡರಲ್ಲೂ ಅವಧಿಗೆ ಮೊದಲು ಬದಲಾಯಿಸಿ ಪ್ರಯೋಜನವಿಲ್ಲ. ಬೀಟಾ 3, ವಿಶಿಷ್ಟ ಆಯಸ್ಸು (ಸುಮಾರು 63% ಕೆಟ್ಟಿರುವ ವಯಸ್ಸು) 60 ತಿಂಗಳು, ಯೋಜಿತ ಬದಲಾವಣೆಗೆ 1 ಖರ್ಚಾದರೆ ಹಠಾತ್ ಕೆಟ್ಟಾಗ 5 ಖರ್ಚು ಎಂದಿಟ್ಟುಕೊಳ್ಳಿ. ಬದಲಾಯಿಸಲು ಅಗ್ಗದ ಹೊತ್ತು 30 ತಿಂಗಳ ಆಸುಪಾಸು. ಕೆಡುವವರೆಗೆ ಬಿಡುವುದಕ್ಕೆ ಹೋಲಿಸಿದರೆ ಖರ್ಚು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆ 5 ಎಂಬುದು 1.2 ಆಗಿದ್ದರೆ ತಲೆಕೆಡಿಸಿಕೊಳ್ಳುವಷ್ಟು ಲಾಭ ಉಳಿಯುವುದಿಲ್ಲ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಕೆಟ್ಟವುಗಳ ಆಯಸ್ಸನ್ನು ಮಾತ್ರ ತೆಗೆದುಕೊಂಡು, ಇನ್ನೂ ಓಡುತ್ತಿರುವವನ್ನೂ ಕೆಡುವ ಮೊದಲೇ ಬದಲಾಯಿಸಿದವನ್ನೂ ಲೆಕ್ಕದಿಂದ ಬಿಡುತ್ತಾರೆ. ಆಯಸ್ಸು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಎರಡನೆಯದು, ‘ಪಂಪ್ ಕೆಟ್ಟಿತು’ ಎಂದು ಸೀಲ್, ಬೇರಿಂಗ್, ಮೋಟರ್ ವೈಂಡಿಂಗ್ ಎಲ್ಲವನ್ನೂ ಒಂದೇ ಗುಂಪಿಗೆ ಹಾಕುವುದು. ಮೂರರ ಮಿಶ್ರಣದಲ್ಲಿ ಬೀಟಾ 1ರ ಹತ್ತಿರ ಬಂದು, ಸವೆಯುವ ಸೀಲ್ ಕೂಡ ಆಕಸ್ಮಿಕದಂತೆ ಕಾಣುತ್ತದೆ.

ಮೀಟರ್‌ಬೋರ್ಡ್:
ವೇಳಾಪಟ್ಟಿಯ ಬದಲು ಲಕ್ಷಣ ನೋಡಿ ನಿರ್ಧರಿಸುವ ಕಡೆ ಒಂದು ಅಳತೆ ಮುಖ್ಯ: ಲಕ್ಷಣ ಕಾಣಿಸಿಕೊಂಡು ಪೂರ್ತಿ ಕೆಡುವವರೆಗಿನ ಅವಧಿ. ಫ್ಯಾನ್ ಬೇರಿಂಗಿನ ಕಂಪನ ಏರಿದ ಮೇಲೆ 12 ವಾರ ಸಿಗುತ್ತದೆ ಎಂದರೆ ತಪಾಸಣೆ 6 ವಾರಕ್ಕೊಮ್ಮೆ ಎನ್ನುವುದು ರೂಢಿ. ಅದಷ್ಟೇ ಸಾಲದು. 4 ವಾರಕ್ಕೊಮ್ಮೆ ನೋಡಿದರೂ ಕೆಟ್ಟ ಸಂದರ್ಭದಲ್ಲಿ ಕೈಯಲ್ಲಿ ಉಳಿಯುವುದು 8 ವಾರ. ಭಾಗ ಬರಲು 10 ವಾರ ಬೇಕಿದ್ದರೆ ತಪಾಸಣೆಯಿಂದ ಏನೂ ಸಿಗಲಿಲ್ಲ, ಆ ಭಾಗ ಸ್ಟೋರಿನಲ್ಲಿ ಇರಲೇಬೇಕು.

ಎಲೆಕ್ಟ್ರಿಕಲ್ ಪ್ಯಾನಲ್‌ಗಳ ಥರ್ಮೋಗ್ರಫಿಯಲ್ಲಿ (ಬಿಸಿ ತೋರಿಸುವ ಕ್ಯಾಮೆರಾದ ತಪಾಸಣೆ) ಲೋಡ್ ಬರೆಯದ ವರದಿಯನ್ನು ವಾಪಸ್ ಕಳಿಸಿ. ಕನಿಷ್ಠ 40% ಲೋಡ್ ಇರಬೇಕು. ಒಂದೇ ಲೋಡಿನ ಫೇಸ್‌ಗಳ ನಡುವೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಕ್ಷಣದ ಕೆಲಸ, 4ರಿಂದ 15 ಬಂದರೆ ಮೊದಲ ಅವಕಾಶದಲ್ಲೇ ಬಿಗಿ ಮಾಡಿ ಶುಚಿಗೊಳಿಸುವ ಕೆಲಸ. ಅರ್ಧ ಲೋಡಿನಲ್ಲಿ ಕಂಡ ಏರಿಕೆ ಪೂರ್ಣ ಲೋಡಿನಲ್ಲಿ ಮೂರು ಪಟ್ಟಿಗಿಂತ ಹೆಚ್ಚಾಗಬಹುದು, ಆದ್ದರಿಂದ ರಜಾದಿನ ತೆಗೆದ ಚಿತ್ರದಲ್ಲಿ 6 ಡಿಗ್ರಿ ಇದೆ ಎಂದು ನೆಮ್ಮದಿಯಾಗಿ ಕೂರಬೇಡಿ. ಹೊಳೆಯುವ ತಾಮ್ರದ ಬಸ್‌ಬಾರ್ ಕ್ಯಾಮೆರಾಕ್ಕೆ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ, ಪಕ್ಕದ ಇನ್ಸುಲೇಶನ್ ಅಥವಾ ಟೇಪ್ ಸುತ್ತಿದ ಜಾಗದಲ್ಲಿ ಓದಿ.

ಏರ್ ಫಿಲ್ಟರ್‌ಗಳನ್ನು ತಿಂಗಳ ಲೆಕ್ಕದಲ್ಲಿ ಬದಲಾಯಿಸುವ ಬದಲು ಒತ್ತಡದ ವ್ಯತ್ಯಾಸ ನೋಡಿ. ಸೆಕೆಂಡಿಗೆ 3 ಘನಮೀಟರ್ ಗಾಳಿ, ಕೊಳೆಯಿಂದ ಸರಾಸರಿ 100 ಪ್ಯಾಸ್ಕಲ್ ಹೆಚ್ಚುವರಿ, ಫ್ಯಾನಿನ ಒಟ್ಟು ದಕ್ಷತೆ 0.6 ಎಂದರೆ 500 ವ್ಯಾಟ್. ವರ್ಷಕ್ಕೆ 4,000 ಗಂಟೆ ಓಡಿದರೆ 2,000 ಯೂನಿಟ್. ಇದರ ಬೆಲೆಯನ್ನು ಫಿಲ್ಟರ್ ಬೆಲೆ ಮತ್ತು ಕೂಲಿಯ ಪಕ್ಕ ಇಟ್ಟರೆ ಬದಲಾಯಿಸುವ ಹೊತ್ತು ಗೊತ್ತಾಗುತ್ತದೆ. ಆದರೆ ಈ ಲೆಕ್ಕ ಗಾಳಿಯ ಪ್ರಮಾಣ ಕಾಯ್ದುಕೊಳ್ಳುವ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಇರುವ ಫ್ಯಾನಿಗೆ ಮಾತ್ರ. ಸ್ಥಿರ ವೇಗದ ಫ್ಯಾನಿನಲ್ಲಿ ಬಿಲ್ ಏರುವುದಿಲ್ಲ, ಗಾಳಿಯೇ ಕಡಿಮೆಯಾಗುತ್ತದೆ, ದೂರು ಸೆಕೆ ಎಂದು ಬರುತ್ತದೆ.

ವಾಲ್ವ್‌ಕೀ:
ಬಿಎಂಎಸ್‌ನಿಂದ (ಕಟ್ಟಡದ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ನಿಯಂತ್ರಿಸುವ ವ್ಯವಸ್ಥೆ) ತಾನೇ ದೋಷ ಪತ್ತೆ ಮಾಡುವ ಸಾಫ್ಟ್‌ವೇರ್ ಹಾಕಿದರೆ ಇದೆಲ್ಲ ಸುಲಭ ಆಗುವುದಿಲ್ಲವೇ?

ಮೀಟರ್‌ಬೋರ್ಡ್:
ಸೆನ್ಸರ್ ಸರಿ ಇದ್ದರೆ. ಒಂದು ಒಳ್ಳೆಯ ನಿಯಮ: ಕೂಲಿಂಗ್ ವಾಲ್ವಿಗೆ 0% ಆದೇಶ ಹೋಗಿ 15 ನಿಮಿಷ ಆಗಿದೆ, ಫ್ಯಾನ್ ಓಡುತ್ತಿದೆ, ಆದರೂ ಕಾಯಿಲ್ (ತಣ್ಣೀರು ಹರಿಯುವ ಕೊಳವೆಗಳ ಸುರುಳಿ) ದಾಟಿದ ಗಾಳಿ ಕಾಯಿಲ್‌ಗೆ ಬರುವ ಗಾಳಿಗಿಂತ 2 ಡಿಗ್ರಿಗೂ ಹೆಚ್ಚು ತಣ್ಣಗಿದೆ. ಅಂದರೆ ವಾಲ್ವ್ ಸೋರುತ್ತಿದೆ. ಆದರೆ ಎರಡು ಸೆನ್ಸರ್‌ಗಳ ನಡುವೆಯೇ 2 ಡಿಗ್ರಿ ವ್ಯತ್ಯಾಸ ಇದ್ದರೆ ಪ್ರತಿ ರಾತ್ರಿ ಅಲಾರಂ ಬರುತ್ತದೆ, ಹದಿನೈದು ದಿನದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ನಿಯಮ ಚಾಲೂ ಮಾಡುವ ಮೊದಲು ಕೂಲಿಂಗ್, ಹೀಟಿಂಗ್ ಎರಡೂ ವಾಲ್ವ್‌ಗಳನ್ನು ಕೈಯಿಂದ ಮುಚ್ಚಿ ಫ್ಯಾನ್ ಓಡಿಸಿ ಸೆನ್ಸರ್‌ಗಳು ಎಷ್ಟು ಹೊಂದುತ್ತವೆ ನೋಡಿ. ಫ್ಯಾನ್ ಮೋಟರಿನ ಬಿಸಿ ಅರ್ಧ, ಒಂದು ಡಿಗ್ರಿ ಸೇರಿಸುತ್ತದೆ, ಅದನ್ನೂ ಕಳೆಯಿರಿ.

ಗಡಿಯಾರ:
ಈ ಎಲ್ಲ ಲೆಕ್ಕಕ್ಕೂ ಕೆಲಸದ ದಾಖಲೆ ಸರಿಯಿರಬೇಕು. ಬಹುಪಾಲು ಕಡೆ ಜಾಬ್ ಕಾರ್ಡಿನಲ್ಲಿ ‘ಪಂಪ್ ಅಟೆಂಡ್ ಮಾಡಲಾಯಿತು, ಸರಿ ಇದೆ’ ಎಂದಷ್ಟೇ ಇರುತ್ತದೆ.

ಮಾಪಕ:
ಅದನ್ನು ತಂತ್ರಜ್ಞರ ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ. ಕಾರಣಗಳ ಡ್ರಾಪ್‌ಡೌನ್‌ನಲ್ಲಿ 60 ಆಯ್ಕೆ ಇಟ್ಟರೆ ಎಲ್ಲರೂ ‘ಇತರೆ’ ಒತ್ತುತ್ತಾರೆ. ಸಲಕರಣೆಯ ವರ್ಗಕ್ಕೆ ಎಂಟು ಹತ್ತು ಆಯ್ಕೆ ಸಾಕು. ನೀರಿನ ಪಂಪಿಗೆ: ಸೀಲ್ ಸೋರಿಕೆ, ಬೇರಿಂಗ್, ಕಪ್ಲಿಂಗ್ ಅಥವಾ ಅಲೈನ್‌ಮೆಂಟ್, ಇಂಪೆಲ್ಲರ್ ಸವೆತ ಅಥವಾ ಅಡಚಣೆ, ಮೋಟರ್ ವೈಂಡಿಂಗ್, ಸ್ಟಾರ್ಟರ್, ಗಾಳಿ ಹಿಡಿದದ್ದು, ದೋಷ ಕಾಣಲಿಲ್ಲ. ‘ಇತರೆ’ 10% ದಾಟಿದರೆ ಪಟ್ಟಿ ತಿದ್ದಬೇಕು ಎಂದುಕೊಳ್ಳಿ.

ಜಾಬ್ ಕಾರ್ಡಿನಲ್ಲಿ ಬಿಡಲೇಬಾರದ್ದು: ಸಲಕರಣೆಯ ಸಂಖ್ಯೆ (ಜಾಗದ ಹೆಸರಲ್ಲ), ಏನು ಕಂಡಿತು, ಯಾವ ಭಾಗ, ಕಾರಣ, ಏನು ಮಾಡಿದ್ದು, ಕೆಟ್ಟ ಹೊತ್ತು, ಮತ್ತೆ ಶುರುವಾದ ಹೊತ್ತು, ಹಾಕಿದ ಭಾಗ. ಯೋಜಿತ ಕೆಲಸವೋ ಹಠಾತ್ ಕೆಲಸವೋ ಎಂಬ ಗುರುತು ಮೊದಲೇ ಇರಬೇಕು. ತಪಾಸಣೆಯಲ್ಲಿ ಸಿಕ್ಕ ದೋಷವನ್ನು ಯೋಜಿತ ಕೆಲಸದ ಕಾರ್ಡಿನಲ್ಲೇ ಸರಿಪಡಿಸಿ ಮುಚ್ಚಿಬಿಟ್ಟರೆ ಆ ದೋಷ ಎಲ್ಲಿಯೂ ದಾಖಲಾಗುವುದಿಲ್ಲ. ಅದಕ್ಕೆ ಬೇರೆ ಕಾರ್ಡ್ ತೆಗೆದು ಮೊದಲಿನದಕ್ಕೆ ಜೋಡಿಸಿ. ಮೋಟರನ್ನು ಒಂದು ಪಂಪಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಅದರ ಸಂಖ್ಯೆಯೂ ಜೊತೆಗೆ ಹೋಗಬೇಕು, ಇಲ್ಲವಾದರೆ ಹೊಸ ಪಂಪಿಗೆ ಹಳೆಯ ಇತಿಹಾಸ ಅಂಟಿಕೊಳ್ಳುತ್ತದೆ.

ಲೆಕ್ಕಿಗ:
ಕೊನೆಗೆ 35ರೊಳಗೆ ತುಂಬಿಸುವ ಪ್ರಶ್ನೆ. ಪ್ರಯೋಜನ ÷ ವೆಚ್ಚದ ಅನುಪಾತದಲ್ಲಿ ಮೇಲಿಂದ ತೆಗೆದುಕೊಂಡು ಹೋಗುವುದು ಎಲ್ಲರ ಅಭ್ಯಾಸ. ಸಣ್ಣ ಕೆಲಸ ಬಹಳ ಇದ್ದರೆ ಅದೇ ಸಾಕು, ದೊಡ್ಡವು ಕೆಲವೇ ಇದ್ದರೆ ಕೈಕೊಡುತ್ತದೆ. ಕೈಯಲ್ಲಿ 35. ಅ: ವೆಚ್ಚ 20, ಪ್ರಯೋಜನ 30. ಆ: 18ಕ್ಕೆ 26. ಇ: 16ಕ್ಕೆ 23. ಅನುಪಾತದಲ್ಲಿ ಅ ಮೊದಲು. ಅದನ್ನು ತೆಗೆದುಕೊಂಡರೆ ಉಳಿದ 15ರಲ್ಲಿ ಆ, ಇ ಎರಡೂ ಹಿಡಿಸುವುದಿಲ್ಲ, ಪ್ರಯೋಜನ 30ಕ್ಕೆ ನಿಂತಿತು. ಆ ಮತ್ತು ಇ ತೆಗೆದುಕೊಂಡರೆ 34ರಲ್ಲಿ 49. ಸ್ಪ್ರೆಡ್‌ಶೀಟಿನ ಸಾಲ್ವರ್‌ನಲ್ಲಿ ಪ್ರತಿ ಕೆಲಸಕ್ಕೆ 0 ಅಥವಾ 1 ಎಂದು ಕೊಟ್ಟರೆ ಇದು ತಾನೇ ಸಿಗುತ್ತದೆ.

ಜೊತೆಜೊತೆಗೆ ಮಾಡಬೇಕಾದ್ದನ್ನು ಮೊದಲೇ ಕಟ್ಟಿ ಒಂದು ಕೆಲಸ ಮಾಡಿ. ಹೊರಗೋಡೆಗೆ ಸಾರುವೆ ಕಟ್ಟುವಾಗ ಬಿರುಕು, ಕಿಟಕಿಯ ಸೀಲಂಟ್, ಮಳೆನೀರಿನ ಪೈಪು, ಬಣ್ಣ ನಾಲ್ಕೂ ಒಂದೇ ಗಂಟು. ಬಿಡಿಬಿಡಿಯಾಗಿ ಸಾಲ್ವರ್‌ಗೆ ಕೊಟ್ಟರೆ ಸಾರುವೆಯ ವೆಚ್ಚವನ್ನು ನಾಲ್ಕು ಸಲ ಎಣಿಸುತ್ತದೆ.

ತಳಪಾಯ:
ಸೇರದೆ ಉಳಿದ 65ರ ಪಟ್ಟಿಯನ್ನೂ ಬರೆದಿಡಿ. ಪ್ರತಿ ಮುಂದೂಡಿಕೆಗೆ ಮೂರು ವಿಷಯ: ಯಾರು ಒಪ್ಪಿದ್ದು, ಅಲ್ಲಿಯವರೆಗೆ ಏನು ನಿಗಾ, ಯಾವ ಲಕ್ಷಣ ಕಂಡರೆ ಅದೇ ದಿನ ಪಟ್ಟಿಯ ಮೇಲಕ್ಕೆ ಬರುತ್ತದೆ. ಉದಾಹರಣೆಗೆ ಬಿರುಕಿಗೆ ಗಾಜಿನ ಪಟ್ಟಿ ಅಥವಾ ಕ್ರ್ಯಾಕ್ ಗೇಜ್ ಅಂಟಿಸಿ, ಮೂರು ತಿಂಗಳಲ್ಲಿ ಇಷ್ಟು ಮಿಮೀ ದಾಟಿದರೆ ಎಂಬ ಸಂಖ್ಯೆ ನಮೂದಿಸಿ.

ಕರಣಿ:
ತುಂಬ ಉಪಯೋಗವಾಯಿತು. ಇನ್ನೊಂದು ಪ್ರಶ್ನೆ. ಫೈರ್ ಪಂಪಿನಂಥವನ್ನು ಅಂಕದಿಂದ ಹೊರಗಿಟ್ಟೆವು ಸರಿ. ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು, ಬ್ಯಾಟರಿ ಯಾವಾಗ ಬದಲಾಯಿಸಬೇಕು ಎನ್ನುವುದಕ್ಕೆ ಲೆಕ್ಕ ಇದೆಯೇ?

ಕೀಲೆಣ್ಣೆ:
ಇದೆ. ಸುಮ್ಮನೆ ನಿಂತಿರುವ ಸಲಕರಣೆ ಕೆಟ್ಟಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಪರೀಕ್ಷೆಯ ಅಂತರವೇ ಅದರ ಭರವಸೆಯನ್ನು ನಿರ್ಧರಿಸುತ್ತದೆ. ಅಂತರ = 2 × ಒಪ್ಪಬಹುದಾದ ಅಲಭ್ಯತೆ (ಕೆಟ್ಟು ನಿಂತಿರುವ ಕಾಲದ ಪಾಲು) × ಕೆಡುವುದರ ನಡುವಿನ ಸರಾಸರಿ ಕಾಲ. ಸರಾಸರಿ 10 ವರ್ಷಕ್ಕೊಮ್ಮೆ ಕೆಡುತ್ತದೆ, 99% ಲಭ್ಯತೆ ಬೇಕು ಎಂದರೆ 2 × 0.01 × 10 = 0.2 ವರ್ಷ, ಸುಮಾರು 73 ದಿನ. 99.9% ಬೇಕೆಂದರೆ ಒಂದು ವಾರ. ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ನಿಯಮವೇ ಕೊನೆ. ಅಮೆರಿಕದ ಅಗ್ನಿಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 25 ಪಾಲಿಸುವ ಕಡೆ ಡೀಸೆಲ್ ಪಂಪನ್ನು ವಾರಕ್ಕೊಮ್ಮೆ 30 ನಿಮಿಷ ಓಡಿಸಬೇಕು, ಲೆಕ್ಕದಲ್ಲಿ 73 ದಿನ ಬಂತು ಎಂದು ಸಡಿಲಿಸುವಂತಿಲ್ಲ.

ಪರೀಕ್ಷೆ ಎಂದರೆ ಕಂಟ್ರೋಲರಿನ ಬಟನ್ ಒತ್ತಿ ಎಂಜಿನ್ ಓಡಿಸುವುದಷ್ಟೇ ಅಲ್ಲ. ಸೆನ್ಸಿಂಗ್ ಲೈನಿನ (ನೀರಿನ ಒತ್ತಡವನ್ನು ಕಂಟ್ರೋಲರಿಗೆ ತಿಳಿಸುವ ಸಣ್ಣ ಪೈಪು) ನೀರು ಬಿಟ್ಟು ಒತ್ತಡ ಇಳಿಸಿ, ಪಂಪ್ ತಾನೇ ಶುರುವಾಗಬೇಕು. ಬಟನ್ನಿಂದ ಶುರು ಮಾಡಿದರೆ ಪ್ರೆಶರ್ ಸ್ವಿಚ್ ಮತ್ತು ಆ ಲೈನಿನ ಮುಚ್ಚಿದ ವಾಲ್ವ್ ಪರೀಕ್ಷೆಗೆ ಒಳಗಾಗುವುದೇ ಇಲ್ಲ.

ಮೀಟರ್‌ಬೋರ್ಡ್:
ಬ್ಯಾಟರಿಗೆ ಇದಕ್ಕೆ ಹೊರತಾದ ಲೆಕ್ಕ, ಅದು ಖಂಡಿತ ವಯಸ್ಸಿನಿಂದ ಸವೆಯುವ ವಸ್ತು. ಯುಪಿಎಸ್‌ನಂಥ ನಿಂತಲ್ಲೇ ಇರುವ ಲೆಡ್ ಆಸಿಡ್ ಬ್ಯಾಟರಿಯ ಸಾಮರ್ಥ್ಯ ಹೆಸರಿಸಿದ್ದರ 80%ಗೆ ಇಳಿದರೆ ಬದಲಾಯಿಸಬೇಕು, ಅಲ್ಲಿಂದ ಮುಂದೆ ಇಳಿಯುವ ವೇಗ ಹೆಚ್ಚು. ಸೀಲ್ ಆಗಿರುವವಕ್ಕೆ ಸುತ್ತಲ ಉಷ್ಣತೆ 25 ಡಿಗ್ರಿಗಿಂತ 8ರಿಂದ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧ. 10 ವರ್ಷದ ಬ್ಯಾಟರಿಯನ್ನು 35 ಡಿಗ್ರಿಯ ಕೋಣೆಯಲ್ಲಿ ಇಟ್ಟರೆ 5 ವರ್ಷಕ್ಕೆ ಬಜೆಟ್ ಹಾಕಿ. ಒಂದು ಸರಣಿಯಲ್ಲಿ ಒಂದೆರಡು ಬ್ಲಾಕ್ ಮಾತ್ರ ಹೊಸದು ಹಾಕುವುದು ತೀರಾ ಹೊಸ ಸರಣಿಯಲ್ಲಾದರೆ ನಡೆದೀತು, ಹಳೆಯದರಲ್ಲಿ ಹೊಸದೂ ಬೇಗ ಹಾಳಾಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಚಾರ್ಜರ್ ತೆಗೆದು, ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ ಎಲ್ಲಿಗೆ ಕುಸಿಯುತ್ತದೆ ಎಂದು ಪ್ರತಿ ಸಲ ಬರೆದಿಡಿ. ಎರಡು ಸೆಟ್ ಇದ್ದರೆ ಎರಡನ್ನೂ ಸರದಿಯಂತೆ ಬಳಸಿ ಕ್ರ್ಯಾಂಕ್ ಮಾಡಿ, ಇಲ್ಲದಿದ್ದರೆ ಎರಡನೆಯ ಸೆಟ್ ಸತ್ತಿರುವುದು ಮೊದಲನೆಯದು ಕೈಕೊಟ್ಟ ದಿನವೇ ತಿಳಿಯುವುದು.

ಕರಣಿ:
ಕ್ರ್ಯಾಂಕ್ ವೋಲ್ಟೇಜ್ ಬರೆಯುವ ಕಾಲಂ ಈಗಿನ ವಾರದ ಚೆಕ್‌ಲಿಸ್ಟಿನಲ್ಲಿ ಇಲ್ಲ. ಎರಡು ಸೆಟ್‌ಗೂ ಬೇರೆ ಬೇರೆ ಕಾಲಂ ಸೇರಿಸುತ್ತೇನೆ. ಮೂರು ರಾಶಿ ಮಾಡಿದ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ, ಎರಡನೆಯ ರಾಶಿಯಲ್ಲಿ ಇರಬಾರದ್ದು ಏನಾದರೂ ಕಂಡರೆ ಹೇಳಿ.

ಗಡಿಯಾರ:
ಹಾಕುವಾಗ ಬೇಸ್‌ಮೆಂಟಿಗೆ ಇಳಿದ ನೀರನ್ನು ಹೊರಹಾಕುವ ಸಂಪ್ ಪಂಪ್ ಯಾವ ರಾಶಿಯಲ್ಲಿದೆ ನೋಡಿ. ಅಗ್ಗದ್ದು ಅಂತ ಎಲ್ಲರೂ ಅದನ್ನು ಎರಡನೆಯದಕ್ಕೆ ತಳ್ಳುತ್ತಾರೆ, ಅದರ ಪಕ್ಕದಲ್ಲೇ ಎಲೆಕ್ಟ್ರಿಕಲ್ ರೂಮ್ ಇರುತ್ತದೆ.